ತಳಕಲ್ಲಿನವರು ಯಾವ ಟೇಬಲ್‌ನಲ್ಲಿದ್ದಾರೆ?

ಪೀಂ… ಪೀಂ… ಪೀಂ… ಕರೆಂಟ್ ಹೋದೊಡನೆ ಕೊಪ್ಪಳದ ನಮ್ಮ ಆಫೀಸಿನ ಯುಪಿಎಸ್ ಹೀಗೆ ಅಳತೊಡಗುತ್ತಿತ್ತು. ಈಗಲೂ ಯಾವುದಾದರೂ ಬ್ಯಾಂಕಿನಲ್ಲಿ ಆ ಸದ್ದು ಕೇಳಿದರೆ ಆ ಮಳೆಗಾಲದ ಸಿಟ್ಟೆಲ್ಲ ನನಗೆ ಮರಳಿ ಬರುತ್ತದೆ.

ಟೀಚರ್ ಕೆಲಸದಿಂದ ರಿಟೈರ್ ಆದಮೇಲೆ ನಾನು ಸಣ್ಣದೊಂದು ಟ್ರಸ್ಟಿನ ಆನರರಿ ಸೆಕ್ರೆಟರಿಯಾಗಿದ್ದೆ. ನಮ್ಮ ಔಷಧಿ ವ್ಯಾನು ವಾರಕ್ಕೊಮ್ಮೆ ಒಂದೊಂದು ಊರಿಗೆ ಹೋಗಿ, ಬಿಪಿ, ಶುಗರ್ ನೋಡಿ, ಗಾಯಕ್ಕೆ ಪಟ್ಟಿ ಕಟ್ಟಿ ಬರುತ್ತಿತ್ತು. ನರ್ಸ್ ಎಲ್ಲವನ್ನೂ ಟ್ಯಾಬ್‌ನಲ್ಲಿ ತುಂಬುತ್ತಿದ್ದಳು. ಅದು ಆಫೀಸಿನ ಟಿವಿಯಲ್ಲಿ ಊರಿಗೊಂದರಂತೆ ಬಣ್ಣಬಣ್ಣದ ಕಂಬಗಳಾಗಿ ಏಳುತ್ತಿತ್ತು. ಡ್ಯಾಶ್‌ಬೋರ್ಡ್! ಕಮಿಟಿಯವರಿಗೆ ಅದರ ಮೇಲೆ ಅದೆಷ್ಟು ಭಕ್ತಿ, ಮೈ ಗಾಡ್.

ಆ ಮಳೆಗಾಲ ತಳಕಲ್ ಎಂಬ ಊರಿನ ಕಂಬ ಕುಸಿಯುತ್ತ ನೆಲಕ್ಕಂಟಿತು. ಗಂಗಾವತಿ ಕಡೆಯ ಕಾಲುವೆ ಊರು ಶ್ರೀರಾಮನಗರದ್ದು ಮೇಲೇರಿತು. “ತಳಕಲ್ ಬಂದ್ ಮಾಡೂಣ್ರಿ. ಸುಮ್ನ ಡೀಸೆಲ್ ದಂಡ” ಎಂದರು ಚೇರ್ಮನ್ನರು.

ತಳಕಲ್ಲಿನಲ್ಲಿ ಕೌದಿ ಹೊಲಿಯುವ ಮುದುಕಿಯೊಬ್ಬಳಿದ್ದಳು, ನನ್ನದೇ ವಯಸ್ಸು. ಶುಗರ್‌ನಿಂದ ಅವಳ ಕಾಲಿನ ಹೆಬ್ಬೆರಳಲ್ಲಿ ಆರದ ಹುಣ್ಣು. ಡ್ರೆಸಿಂಗ್ ತಪ್ಪಿದರೆ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ನಾನು ವ್ಯಾನಿನ ಜೊತೆ ಹೋದಾಗಲೆಲ್ಲ ಆಕೆ ನಮಗಿಂತ ಮೊದಲೇ ಬಂದು ಕೂತಿರುತ್ತಿದ್ದಳು. ಕಂಬ ಕುಸಿದ ಮಾತ್ರಕ್ಕೆ ಅವಳೂ ಇಲ್ಲವೇ?

ಕಂಪ್ಯೂಟರ್ ನೋಡಿಕೊಳ್ಳುವವನನ್ನು ಹಿಡಿದೆ. ಗಂಗಾವತಿಯವನು, ನಡುವಯಸ್ಸು, ಬಾಯಲ್ಲಿ ಸದಾ ಲವಂಗ.

“ಈ ನಂಬರ್ ಎಲ್ಲಿಂದ ಬರ್ತೈತಪಾ?”

“ಸಿಸ್ಟಮ್‌ನಿಂದ ಬರ್ತೈತ್ರಿ, ಮೇಡಂ.”

“ಸಿಸ್ಟಮ್ ಅಂದ್ರ? ಒಳಗ ಮಾಹಿತಿ ತುಂಬಿಡೂ ಯಾವ ಟೇಬಲ್ಲು?”

“ಟೇಬಲ್ ಭಾಳ ಅದಾವ್ರಿ. ರಿಪೋರ್ಟ್ ಛಲೋ ಕಾಣಾಕತ್ತೈತಲ್ರಿ, ಮತ್ಯಾಕ ತಳಾ ಕೆದರ್ತೀರಿ?”

ಕಾನ್ವೆಂಟಿನಲ್ಲಿ ನಾವು ಪ್ರಬಂಧದಲ್ಲಿ ‘ಇಟ್’ ಎಂದು ಬರೆದರೆ ಸಿಸ್ಟರ್ ಅಲ್ಲೇ ಬೆರಳಿಟ್ಟು, “ಇಟ್ ಅಂದರೆ ಯಾವುದು, ಚೈಲ್ಡ್?” ಎನ್ನುತ್ತಿದ್ದರು. ಉತ್ತರ ಸಿಗುವವರೆಗೆ ಬೆರಳು ತೆಗೆಯುತ್ತಿರಲಿಲ್ಲ. ನಾನೂ ತೆಗೆಯಲಿಲ್ಲ.

ರಿಪೋರ್ಟಿನ ಕೆಳಗೆ ಟೇಬಲ್‌ನಿಂದ ಲೆಕ್ಕ ಹೆಕ್ಕುವ ಒಂದು ಕ್ವೆರಿ, ಅದರ ಕೆಳಗೆ ಇನ್ನೊಂದು. ಅದನ್ನು ಬರೆದವರು ಕೆಲಸ ಬಿಟ್ಟು ಹೋಗಿದ್ದರು, ಫೋನೂ ಎತ್ತುತ್ತಿರಲಿಲ್ಲ. ಇನ್ನೇನು ತಳ ಸಿಕ್ಕಿತು ಅನ್ನುವಾಗ ಪೀಂ… ಪೀಂ… ಸ್ಕ್ರೀನು ಕಪ್ಪು. “ಚಾ ಕುಡೀರಿ, ಮೇಡಂ” ಎಂದು ಅವನು ಎದ್ದುಬಿಡುತ್ತಿದ್ದ. ಚಾ ಕುಡಿದು ಕುಡಿದು ನನಗೆ ಅಸಿಡಿಟಿ ಶುರುವಾಯಿತು.

ಕೊನೆಗೂ ತಳದಲ್ಲಿ ಸಿಕ್ಕಿದ್ದು ಎರಡು ಟೇಬಲ್. ಒಂದರಲ್ಲಿ ಬಂದ ಪೇಷಂಟ್‌ಗಳ ಸ್ವಂತ ಊರು. ಇನ್ನೊಂದರಲ್ಲಿ ಆ ದಿನ ವ್ಯಾನು ನಿಂತ ಊರು. ಕಂಬಗಳು ಎದ್ದದ್ದು ವ್ಯಾನಿನ ಟೇಬಲ್‌ನಿಂದ ಮಾತ್ರ. ಪೇಷಂಟ್‌ಗಳ ಟೇಬಲ್ಲನ್ನು ಯಾವ ರಿಪೋರ್ಟೂ ಮುಟ್ಟಿರಲಿಲ್ಲ! ಅದನ್ನು ತೆರೆದರೆ, ಶ್ರೀರಾಮನಗರದಲ್ಲಿ ವ್ಯಾನು ಹತ್ತಿದ ಹೆಂಗಸರಲ್ಲಿ ಎಷ್ಟೋ ಮಂದಿ ತಳಕಲ್ಲಿನವರು.

ಅವನು ಹಣೆ ಬಡಿದುಕೊಂಡ. “ಹೌದಲ್ರಿ! ನಾಟಿಗೆ ನಮ್ಮ ಗದ್ದಿಗೂ ತಳಕಲ್ಲಿನಾವ್ರ ಬಂದಾರ್ರಿ. ಅಲ್ಲೇ ಜೋಪಡಿ ಹಾಕ್ಕೊಂಡು ಇರ್ತಾರ.”

“ನಿಂಗ ಗೊತ್ತಿತ್ತು?”

“ಎಲ್ಲಾರಿಗೂ ಗೊತ್ತೈತ್ರಿ. ಅದು ಇಲ್ಲಿಗೆ ಬರೂ ಮಾತಂತ ಯಾರಿಗೆ ಗೊತ್ರಿ?”

ಎಕ್ಸಾಕ್ಟ್‌ಲಿ. ನಾಟಿ ಬಂದರೆ ಒಣಭೂಮಿಯ ಊರುಗಳಿಂದ ಹೆಂಗಸರು ಕಾಲುವೆ ಕಡೆಗೆ ಹೋಗುವುದು ನಮ್ಮಲ್ಲಿ ಯಾರಿಗೆ ತಿಳಿಯದು? ಆಗ ತಳಕಲ್ಲಿನಲ್ಲಿ ಉಳಿಯುವವರು ಸೊಂಟ ಬಗ್ಗದವರು, ವ್ಯಾನು ತಮ್ಮ ಬಾಗಿಲಿಗೇ ಬರಬೇಕಾದವರು. ಹೀಗೆಂದು ಚೇರ್ಮನ್ನರಿಗೆ ಹೇಳಿದೆ. “ಖರೇ ಐತ್ರಿ, ಮುಂದಿನ ಮೀಟಿಂಗಿಗೆ ಇಡೂಣು” ಎಂದರು. ಅಷ್ಟರಲ್ಲಿ ತಳಕಲ್ಲಿಗೆ ವ್ಯಾನು ನಿಂತೇಹೋಗಿತ್ತು.

ನಾನೇ ಬಸ್ಸು ಹತ್ತಿ ತಳಕಲ್ಲಿಗೆ ಹೋದೆ. ಮುದುಕಿಯ ಮನೆಗೆ ಬೀಗ.

“ನಾಟಿಗೆ ಹೋಗ್ಯಾಳ್ರಿ” ಎಂದಳು ಪಕ್ಕದ ಮನೆಯಾಕೆ.

“ಆ ಕಾಲಾಗ?”

“ನಾಟಿ ಎಲ್ಲಿ ಮಾಡ್ತಾಳ್ರಿ? ವ್ಯಾನ್ ಅಲ್ಲಿ ಬರ್ತೈತಂತ ಸೊಸಿ ಬೆನ್ನ ಹತ್ಯಾಳ. ಕೂಸು ಆಡಿಸ್ಕೋಂತ ಕುಂತಿರ್ತಾಳ.”

ತಳಕಲ್ಲಿಗೆ ವ್ಯಾನು ಮತ್ತೆ ಹೊರಟಿದ್ದು ನಾಟಿಯೆಲ್ಲ ಮುಗಿದು, ನಾನು ಆ ಟ್ರಸ್ಟಿಗೇ ಕೈಮುಗಿದು ಬಂದಮೇಲೆ. ಹಾಗಾಗಿ ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು, ಆ ನಾಟಿಯಲ್ಲೇ ವ್ಯಾನಿನ ಜೊತೆ ಹೋದಾಗ, ಶ್ರೀರಾಮನಗರದ ಕಾಲುವೆ ದಂಡೆಯಲ್ಲೇ. ತೊಡೆಯ ಮೇಲೆ ಮೊಮ್ಮಗು, ಕೆಸರು ತಾಗದಂತೆ ಕಾಲಿಗೆ ಪ್ಲಾಸ್ಟಿಕ್ ಚೀಲ.

“ಅಕ್ಕಾರ, ನೀವು ಬರಲಿಲ್ಲ. ನಾನ ಬಂದೆ ನೋಡ್ರಿ!” ಎಂದು ನಕ್ಕಳು.

ನರ್ಸ್ ಚೀಲ ಬಿಚ್ಚಿ, ತೊಳೆದು, ಹೊಸ ಪಟ್ಟಿ ಕಟ್ಟಿದಳು. “ಬೆರಳು ಉಳೀತೈತ್ರಿ” ಎಂದು ನನಗೆ ಹೇಳಿ, ಟ್ಯಾಬ್ ಕೈಗೆತ್ತಿಕೊಂಡು, “ಆಯೀ, ಊರು ಯಾವುದು?” ಎಂದಳು.

“ಎಷ್ಟು ಸಲ ಕೇಳ್ತೀಯವ್ವಾ? ತಳಕಲ್ಲು. ಬರಕೋ.”

ನರ್ಸ್ ಬರೆದುಕೊಂಡಳು. ಪೇಷಂಟ್‌ಗಳ ಆ ಟೇಬಲ್ಲನ್ನು ಅಂದಿಗೂ ಯಾರೂ ನೋಡುತ್ತಿರಲಿಲ್ಲ. ಮುದುಕಿ ಮಗುವನ್ನು ಸೊಂಟಕ್ಕೇರಿಸಿ, ಬಿಳಿ ಪಟ್ಟಿಯ ಕಾಲಿಗೆ ಮತ್ತೆ ಚೀಲ ಸುತ್ತಿಕೊಂಡು, ದಂಡೆಯ ಮೇಲೆ ಹಿಮ್ಮಡಿಯೂರುತ್ತ ಜೋಪಡಿಯ ಕಡೆ ಹೋದಳು.