ಎನಿಫಾಳ ಊರಿನಲ್ಲಿ ತೆರಕಣಾಂಬಿಯ ನರ್ಸು

ತೆರಕಣಾಂಬಿಯ ಮೂಗಯ್ಯನ ಮಗಳು ಕುಮಾರಿ ಆಫ್ರಿಕಕ್ಕೆ ಹೊರಟಿದ್ದಾಳೆಂಬ ಸುದ್ದಿ ಬೇಗೂರಿನವರೆಗೂ ಹಬ್ಬಿತ್ತು. ಚಾಮರಾಜನಗರದಲ್ಲಿ ನರ್ಸಿಂಗ್ ಓದಿ, ಗುಂಡ್ಲುಪೇಟೆಯಲ್ಲಿ ಚರ್ಚಿನವರು ನಡೆಸುವ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವಳು ಅವಳು. ಅದೇ ಚರ್ಚಿನವರದೊಂದು ಚಿಕ್ಕ ಆಸ್ಪತ್ರೆ ಮಲಾವಿ ದೇಶದ ಹಳ್ಳಿಯೊಂದರಲ್ಲಿತ್ತು. ಅಲ್ಲಿಗೆ ಒಂದು ವರ್ಷದ ಮಟ್ಟಿಗೆ ಯಾರು ಹೋಗುತ್ತೀರಿ ಎಂದು ಕೇಳಿದಾಗ ಎಲ್ಲರೂ ನೆಲ ನೋಡಿದರು. ಕುಮಾರಿ ಒಪ್ಪಿಕೊಂಡುಬಿಟ್ಟಳು.

"ಅವ್ರ ಜಾತಿಗೆ ಸೇರಿಸ್ಕಂಡ್ಬುಟ್ಟಾರು ಕಣಮ್ಮಿ," ಎಂದಳು ತಾಯಿ ಪುಟ್ಟಮಾದಮ್ಮ.

"ಅವ್ರು ನರ್ಸು ಬೇಕು ಅಂದವ್ರೆ ಕಣವ್ವ. ಜಾತಿ ಕೇಳಿಲ್ಲ."

ಆ ಹಳ್ಳಿಗೆ ಕಾಲಿಟ್ಟ ದಿನವೇ ಕುಮಾರಿ ದಂಗಾಗಿ ಹೋದಳು. ಅವಳಿಗೆ ಇರಲು ಕೋಣೆ ಕೊಟ್ಟಿದ್ದು ಎನಿಫಾ ಎಂಬ ಮುದುಕಿಯ ಅಂಗಳದಲ್ಲಿ. ಊರೆಲ್ಲ ಆಕೆಯನ್ನು ಗೊಗೊ, ಅಂದರೆ ಅಜ್ಜಿ, ಎಂದೇ ಕರೆಯುತ್ತಿತ್ತು. ಊಟಕ್ಕೆ ಕೂರಿಸಿದ ಗೊಗೊ, ನೀರಿನ ಚೊಂಬು ಹಿಡಿದು ಬಂದು, ಕುಮಾರಿಯ ಮುಂದೆ ಮಣ್ಣಿನ ನೆಲದ ಮೇಲೆ ಮಂಡಿಯೂರಿದಳು. ತಲೆ ತಗ್ಗಿಸಿ, ಕೈ ಚಾಚು ಎಂದು ಸನ್ನೆ ಮಾಡಿದಳು. ಕುಮಾರಿ ಹಾವು ಕಂಡವಳಂತೆ ಎದ್ದು ನಿಂತುಬಿಟ್ಟಳು.

ಅವಳ ಕಣ್ಣಿಗೆ ಕಟ್ಟಿದ್ದು ಬೇರೆಯೇ ನೋಟ. ಮೇಲಿನ ಬೀದಿಯ ಜಮೀನ್ದಾರರ ಹೊಲದಲ್ಲಿ ಕಳೆ ಕಿತ್ತು ಬಾಯಾರಿದ ಅವ್ವ ಅವರ ಮನೆಯ ಜಗಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಬೊಗಸೆಯೊಡ್ಡುತ್ತಿದ್ದಳು. ಮೇಲಿನಿಂದ, ಎಲ್ಲೂ ತಾಗದ ಹಾಗೆ, ನೀರು ಬೀಳುತ್ತಿತ್ತು. ಮಂಡಿಯೂರಿ ಕೈತೊಳೆಯಲು ನೀರು ಹಾಕುವುದು ಇಲ್ಲಿ ಬಂದ ನೆಂಟರಿಗೆ ಮಾಡುವ ಮರ್ಯಾದೆ ಎಂದು ಗೊಗೊಳ ಮಗಳು ಚಿಸೊಮೊ ತನ್ನ ಶಾಲೆಯ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾಯಿತು. ಕುಮಾರಿ ಮತ್ತೆ ಕೂತು ಕೈ ಚಾಚಿದಳು.

ದಿನ ಕಳೆದಂತೆ ಹೊಂದಿಕೊಂಡಳು. ಬೆಳಿಗ್ಗೆ ಬೋರ್‌ವೆಲ್ ಪಂಪಿನ ಮುಂದೆ ಬಿಂದಿಗೆ ಇಟ್ಟು ಸರದಿಗೆ ಕಾಯುವುದು. ಆಮೇಲೆ ಹಳ್ಳಿಯಿಂದ ಹಳ್ಳಿಗೆ ನಡೆದು, ಮಾವಿನ ಮರದ ಕೊಂಬೆಗೆ ತಕ್ಕಡಿ ನೇತುಹಾಕಿ ಕೂಸುಗಳ ತೂಕ ನೋಡುವುದು. ಹೆರಿಗೆ ನೋವು ಬಂದವರನ್ನು ಗಂಡಂದಿರು ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಬರುತ್ತಿದ್ದರು.

"ಏನ್ ಉಣ್ತಿಯಮ್ಮಿ ಅಲ್ಲಿ?" ಎಂದು ಅವ್ವ ಫೋನಿನಲ್ಲಿ ಕೇಳುತ್ತಿದ್ದಳು.

"ಮುದ್ದೆನೇ ಕಣವ್ವ. ಮುಸುಕಿನ ಜೋಳದ್ದು, ಬೆಳ್ಳಗದೆ."

ಮಳೆ ಹಿಡಿದ ಮೇಲೆ ಹೊಳೆಯಾಚೆಯ ಊರಿನಲ್ಲಿ ಕಾಲರಾ ಕಾಣಿಸಿಕೊಂಡಿತು. ಎನಿಫಾ ಅಲ್ಲಿಗೆ ಒಂದು ಸಾವಿಗೆ ಹೋಗಿ, ಉಂಡು ಬಂದಿದ್ದಳು. ಸಂಜೆ ಅಂಗಳದಲ್ಲಿ ಕುಮಾರಿಯ ಜೊತೆ ಕೂತು ನಗುತ್ತಾ ಕಡಲೆಕಾಯಿ ಸುಲಿದಳು. ಮರುದಿನ ಬೆಳಿಗ್ಗೆ ಕುಮಾರಿ ಹೋಗಿ ನೋಡಿದರೆ ರಾತ್ರಿಯೆಲ್ಲ ವಾಂತಿಭೇದಿಯಾಗಿ ಮುದುಕಿಯ ಕಣ್ಣು ಗುಳಿಬಿದ್ದು, ಚರ್ಮ ಹಿಡಿದರೆ ಹಿಡಿದಲ್ಲೇ ನಿಲ್ಲುತ್ತಿತ್ತು. ಆಸ್ಪತ್ರೆಗೆ ಸಾಗಿಸಿದರು. ಗ್ಲೂಕೋಸ್ ಹಾಕಲು ನರ ಸಿಗಲಿಲ್ಲ. ಒಂದು ಕೈ, ಇನ್ನೊಂದು ಕೈ, ಕಾಲು. ಕೊನೆಗೆ ಸಿಕ್ಕಿತು, ಅಷ್ಟರಲ್ಲಿ ಹೊತ್ತು ಮೀರಿತ್ತು. ಮಧ್ಯಾಹ್ನದೊಳಗೆ ಮುದುಕಿಯ ಉಸಿರು ನಿಂತಿತು. ನಿನ್ನೆ ನಕ್ಕವಳು ಇಂದು ಇಲ್ಲವೆಂಬುದು ಕುಮಾರಿಯ ತಲೆಗೆ ಇಳಿಯಲೇ ಇಲ್ಲ. ಖಾಲಿಯಾಗದ ಬಾಟಲಿಯನ್ನು ಹಿಡಿದುಕೊಂಡೇ ನಿಂತಿದ್ದಳು.

ಆಸ್ಪತ್ರೆಯ ಉಸ್ತುವಾರಿ ನೋಡುತ್ತಿದ್ದ ಸಿಸ್ಟರ್ ವಯನಾಡಿನವರು. ಗುಂಡ್ಲುಪೇಟೆಯಲ್ಲಿ ಕೆಲವು ಕಾಲ ಇದ್ದು ಕನ್ನಡ ಕಲಿತಿದ್ದರು. "ಹೆಣದಿಂದ ರೋಗ ಹರಡುತ್ತೆ, ಕುಮಾರಿ. ಚೀಲದಲ್ಲಿ ಹಾಕಿ ಹೂಳಬೇಕು. ಮನೆಯವರನ್ನ ಒಳಗೆ ಬಿಡಬೇಡ," ಎಂದು ಹೇಳಿ ಚೀಲ ತರಲು ಹೋದರು.

ಅಷ್ಟರಲ್ಲೇ ಚಿಸೊಮೊ ಮತ್ತು ಊರಿನ ಹೆಂಗಸರು ಹೆಣ ತೊಳೆಯಲು ನೀರು ಹೊತ್ತು ಬಂದರು. ಕುಮಾರಿ ಬಾಗಿಲಿಗೆ ಕೈ ಅಡ್ಡ ಹಿಡಿದು, "ಅವಳನ್ನು ಯಾರೂ ಮುಟ್ಟಬಾರದು," ಎಂದಳು.

ಹೇಳಿದ ಮೇಲೆ ಆ ಮಾತು ಅವಳ ಕಿವಿಗೆ ಬಿತ್ತು. ಹುಟ್ಟಿದಾಗಿನಿಂದ ಬೇರೆಯವರ ಬಾಯಲ್ಲಿ ಕೇಳಿದ್ದ ಮಾತು ಈಗ ತನ್ನದೇ ಬಾಯಲ್ಲಿ.

ಹೆಂಗಸರು ಗದ್ದಲ ಮಾಡಲಿಲ್ಲ. ಚಿಸೊಮೊ ಮಾತ್ರ ಮುಂದೆ ಬಂದು ಕೇಳಿದಳು: "ಮುಟ್ಟಬಾರದಂಥ ತಪ್ಪು ನಮ್ಮಮ್ಮ ಏನು ಮಾಡಿದಳು?"

ಕುಮಾರಿ ಅಡ್ಡ ಹಿಡಿದ ಕೈ ತಾನಾಗಿ ಇಳಿಯಿತು. ಸಿಸ್ಟರ್ ಚೀಲ ಹಿಡಿದು ಬಂದಾಗ ಅವಳು ಕನ್ನಡದಲ್ಲೇ ಹೇಳಿದಳು:

"ಸಿಸ್ಟರ್, ಇವ್ರ ಕೈಗೆ ಗ್ಲೌಸ್ ಆಕ್ಸನ, ಕ್ಲೋರಿನ್ ನೀರಲ್ಲೇ ತೊಳೆಸನ. ನಾನೂ ಜೊತೇಲಿ ನಿಂತ್ಕತೀನಿ. ತೊಳೀಬ್ಯಾಡಿ ಅಂತ ಮಾತ್ರ ನನ್ ಕೈಲಿ ಹೇಳಕಾಗಲ್ಲ."

"ರೂಲ್ ಗೊತ್ತಲ್ಲ ನಿನಗೆ?"

"ಗೊತ್ತು. ಇವತ್ತು ನಾವು ಹೆಣ ಕಿತ್ಕಂಡ್ರೆ, ನಾಳೆ ಕಾಯಿಲೆ ಬಂದೋರ್ನ ಇವ್ರು ಮನೆಲೇ ಬಚ್ಚಿಡ್ತಾರೆ."

"ಇಬ್ಬರು ಸಾಕು. ತೊಳೆದವರು ಸಾವಿನ ಅಡುಗೆಗೆ ಕೈ ಹಾಕಬಾರದು," ಎಂದು ಹೇಳಿ ಸಿಸ್ಟರ್ ಚೀಲವನ್ನು ಪಕ್ಕಕ್ಕಿಟ್ಟರು.

ಚಿಸೊಮೊ ಮತ್ತು ಅವಳ ಚಿಕ್ಕಮ್ಮನಿಗೆ ಕುಮಾರಿಯೇ ಗೌನು, ಬೂಟು, ಗ್ಲೌಸ್ ತೊಡಿಸಿದಳು. ಮೂವರೂ ಸೇರಿ ಮುದುಕಿಯನ್ನು ತೊಳೆದರು. ಹೊರಗೆ ಹೆಂಗಸರು ತಗ್ಗಿದ ದನಿಯಲ್ಲಿ ಹಾಡುತ್ತಿದ್ದರು. ತೊಳೆದು ಮುಗಿದ ಮೇಲೆ ಚಿಸೊಮೊಳೇ ಕುಮಾರಿಯ ಮೊಣಕೈ ಹಿಡಿದುಕೊಂಡಳು.

ಅಲ್ಲಿಂದಾಚೆಗೆ ಆ ಊರಿನವರು ವಾಂತಿ ಶುರುವಾದ ಕೂಡಲೇ ಆಸ್ಪತ್ರೆಗೆ ಬರತೊಡಗಿದರು. ಬಹಳ ಜನ ಉಳಿದರು. ಇಬ್ಬರು ಮಕ್ಕಳು ಉಳಿಯಲಿಲ್ಲ. ಹೆಣ ತೊಳೆದ ಮೂವರಲ್ಲಿ ಯಾರಿಗೂ ಕಾಯಿಲೆ ತಗಲಲಿಲ್ಲ. ಅದು ಅದೃಷ್ಟವೂ ಹೌದು ಎಂದು ಸಿಸ್ಟರ್ ಕುಮಾರಿಗೆ ಗದರಿಸಿಯೇ ಹೇಳಿದರು.

ವರ್ಷ ತುಂಬಿ ಕುಮಾರಿ ಊರಿಗೆ ಮರಳಿದಳು. ಆಫ್ರಿಕದಲ್ಲಿ ಸಿಂಹ ಕಂಡೆಯಾ ಎಂದು ನೆರೆಹೊರೆಯವರೆಲ್ಲ ಕೇಳಿದರು. ಆನೆಗಳೇ ಬಂಡೀಪುರದಿಂದ ಹೊಲಕ್ಕೆ ಇಳಿಯುವ ಊರಿನವಳು, ಕಂಡಿಲ್ಲವೆಂದು ನಕ್ಕಳು. ಎನಿಫಾಳ ವಿಷಯವನ್ನು ಅವ್ವನಿಗೊಬ್ಬಳಿಗೇ ಹೇಳಿದ್ದು. ಬಾಗಿಲಿಗೆ ಕೈ ಅಡ್ಡ ಹಿಡಿದದ್ದನ್ನೂ ಬಿಡದೆ ಹೇಳಿದಳು. ಪುಟ್ಟಮಾದಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು.

"ಆ ಮುದ್ಕಿ ಮಗ್ಳಿಗೆ ಈಗ ಯಾರವ್ರಮ್ಮಿ?"

ಕುಮಾರಿ ಅಲ್ಲೇ ಫೋನು ಹಚ್ಚಿದಳು. ಚಿಸೊಮೊಗೆ ಆಸ್ಪತ್ರೆಯಲ್ಲೇ ಆಯಾ ಕೆಲಸ ಸಿಕ್ಕಿತ್ತು. ಸಿಸ್ಟರ್ ದಿನವಿಡೀ ಬೈಯುತ್ತಾರೆ ಎಂದು ದೂರಿದಳು. ಪುಟ್ಟಮಾದಮ್ಮ ಫೋನು ಇಸಿದುಕೊಂಡು, ಆ ಕಡೆಯವಳಿಗೆ ಒಂದಕ್ಷರ ತಿಳಿಯದಿದ್ದರೂ, ಉಂಡ್ಯಾ ಮಗ ಎಂದು ಕನ್ನಡದಲ್ಲೇ ಕೇಳಿದಳು.