ಚಿನ್ನಪ್ಪನವರ ಬಾಗಿಲು ತಟ್ಟಿದ್ದು

ಮೊದಲೇ ಹೇಳಿಬಿಡುತ್ತೇನೆ: ಈ ಪ್ರಕರಣದಲ್ಲಿ ಪೆದ್ದ ನಾನೇ. ಮರ್ಯಾದಸ್ಥ ರೈತರೊಬ್ಬರು ಸ್ವಂತ ಮನೆಯ ಹಿತ್ತಿಲ ಗೋಡೆ ಹಾರಿ ಓಡಿದ್ದು ನನ್ನ ಬೋಧನೆಯ ಫಲ.

ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ಹನೂರಿನಲ್ಲಿ ನಾನು ಹೊಸ ಉಪದೇಶಿ, ಅಂದರೆ ಪಾದ್ರಿಗಳು ಯಳಂದೂರಿನ ಕಡೆ ಹೋದ ಭಾನುವಾರಗಳಲ್ಲಿ ಅವರ ಬದಲು ಪಾಠ ಹೇಳುವವನು. ಅವರಂತೆಯೇ ಮೂಗಿನಲ್ಲಿ ಮಾತಾಡಿ ಜನರನ್ನು ನಗಿಸುವುದು ನನ್ನ ಚಟ. ನನ್ನ ಕೀರಲು ದನಿಯನ್ನೂ ಅಣಕಿಸದೆ ಬಿಟ್ಟವನಲ್ಲ.

ಆ ವಾರದ ಪಾಠ ಒಂದೇ ಕ್ರಿಯಾಪದ: ತಟ್ಟು. ಬೇಡಿ, ಹುಡುಕಿ ಎಂದಮೇಲೆ ಯೇಸುಸ್ವಾಮಿ ಹೇಳುವ ಮೂರನೆಯ ಮಾತು: ತಟ್ಟಿ, ನಿಮಗೆ ಬಾಗಿಲು ತೆರೆಯುವುದು. ಒಮ್ಮೆ ತಟ್ಟಿ ಸುಮ್ಮನಾಗುವುದಲ್ಲ, ತಟ್ಟುತ್ತಲೇ ಇರಬೇಕು ಎಂಬುದು ಮೂಲ ಗ್ರೀಕಿನ ಅರ್ಥವೆಂದು ಪಾದ್ರಿಗಳು ಕಲಿಸಿದ್ದರು. ಅದನ್ನು ಅವರ ದನಿಯಲ್ಲೇ ಹೇಳಿ, ಪಕ್ಕದ ಬೀದಿಗೆ ಕೇಳುವಂತೆ ಮೇಜು ಬಡಿದೆ.

ಪಾಠ ಮುಗಿದರೂ ಕೂಲಿ ಮಾಡುವ ಸೂಸಮ್ಮ ಹೊರಡಲಿಲ್ಲ. ಅವರ ಮಗಳ ಮದುವೆ ಗೊತ್ತಾಗಿತ್ತು. ಸೋದರಮಾವ ಕೈಹಿಡಿದು ಕರೆತರದೆ ಹೆಣ್ಣು ದೇವಾಲಯದೊಳಗೆ ಕಾಲಿಡುವುದು ಅವರ ಮನೆತನದಲ್ಲಿ ಇಲ್ಲ. ಆ ಸೋದರಮಾವ, ಸತ್ತೇಗಾಲದ ಚಿನ್ನಪ್ಪನವರು, ತಾಯಿಯ ಎಮ್ಮೆ ಯಾರಿಗೆಂಬ ಜಗಳದಲ್ಲಿ ತಂಗಿಯೊಡನೆ ಮಾತು ಬಿಟ್ಟಿದ್ದರು.

“ನಮ್ಮಣ್ಣನ ಬಾಗ್ಲೂ ತೆಗೀತದಾ ಸಾ?”

“ತಟ್ತಾನೇ ಇರ್ಬೇಕು ಕಣವ್ವ.”

“ಅಂಗಾರೆ ನೀವೂ ಬನ್ನಿ. ನಿಮ್ಮಂಗೆ ಬಡಿಯಾಕೆ ನಂಗೆ ಬರಾಕಿಲ್ಲ.”

ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಹೋದೆವು. ಬಿಸಿಲಿಗೆಂದು ಬಾಗಿಲು ಹಾಕಿತ್ತು. ಸೂಸಮ್ಮ ತಟ್ಟಿದರು. ಒಳಗೆ ಗುಸುಗುಸು. ಮತ್ತೆ ತಟ್ಟಿದರು. ಗುಸುಗುಸುವೂ ನಿಂತಿತು. ನಾನು ಮುಂದೆ ಬಂದು, ಪಾದ್ರಿಗಳ ದನಿಯಲ್ಲಿ “ಬಾಗಿಲು ತೆರೆಯಿರಿ!” ಎಂದು ಗುಡುಗಿ ಎರಡೂ ಕೈಯಲ್ಲಿ ಬಡಿದೆ. ಹಿತ್ತಿಲಲ್ಲಿ ಯಾರೋ ಧುಮುಕಿದ ಸದ್ದಾಯಿತು.

ಎದುರು ಮನೆಯ ಅಜ್ಜಿ ಹೊರಬಂದರು. “ಯಾರ್ಲಾ ನೀನು, ಸಾಲದ ಜಪ್ತಿಗೆ ಬಂದ ಕೋರ್ಟು ಅಮೀನನಾ? ಈ ಊರಲ್ಲಿ ಬಾಗ್ಲು ತಟ್ಟೋನು ಅವ್ನೊಬ್ನೇ ಕಣ್ಲಾ. ಮಿಕ್ಕೋರು ಬೀದೀಲೇ ನಿಂತು ಕೂಗ್ತಾರೆ.”

ಹೌದಲ್ಲ! ಹುಟ್ಟಿದಾಗಿನಿಂದ ನಾನೂ ಎಲ್ಲರ ಮನೆಗೆ ಕೂಗಿಕೊಂಡೇ ಹೋದವನು. ಸೂಸಮ್ಮ ಜಗಲಿಯ ಮೇಲೆ ಕುಸಿದು ಕುಳಿತರು. “ಇದ್ದೊಬ್ಬ ಅಣ್ಣನ್ನೂ ಓಡ್ಸುಬುಟ್ರಲ್ಲ ಸಾ.” ಆಮೇಲೆ ನನ್ನನ್ನು ಅತ್ತ ಸರಿಸಿ, ತೋಟದ ಕಡೆ ತಿರುಗಿ ಕೂಗಿದರು: “ಅಣ್ಣಾ! ನಾನ್ ಕಣಣ್ಣಾ, ಸೂಸಿ! ಮಗೀಗೆ ಮದ್ವೆ!”

ತೆಂಗಿನ ಮರಗಳ ಹಿಂದಿನಿಂದ ಚಿನ್ನಪ್ಪನವರು ಬಂದರು. ಪಂಚೆಯ ತುಂಬ ಮುಳ್ಳು.

ಹನೂರಿಗೆ ಮರಳಿ ವೇದಪುಸ್ತಕ ತೆರೆದೆ. ಸ್ವಾಮಿಯೇ ಬಾಗಿಲಲ್ಲಿ ನಿಂತು ತಟ್ಟುವ ಕಡೆ, ಒಳಗಿನವರು ಕೇಳಬೇಕಾದದ್ದು ಸ್ವಾಮಿಯ ದನಿ ಎಂದಿದೆ. ನಾನು ಇಷ್ಟು ದಿನ ಬರೀ ಕೈಯ ಕೆಲಸವನ್ನು ಬೋಧಿಸಿದ್ದೆ, ಅದೂ ಬೇರೆಯವರ ದನಿಯಲ್ಲಿ. ಈಗ ಆ ಪಾಠಕ್ಕೆ ಮೇಜು ಬಡಿಯುವುದಿಲ್ಲ. ನಿಜ ಹೇಳಬೇಕೆಂದರೆ, ಪುಟ ತಿರುವುವ ಶ್ರಮವೂ ಬೇಕಿರಲಿಲ್ಲ. “ಆಗ್ಲಿಂದ ತಟ್ತಾನೇ ಇದ್ನಲ್ಲಣ್ಣಾ” ಎಂದು ಸೂಸಮ್ಮ ಅಂದು ಆ ಜಗಲಿಯಲ್ಲಿ ಕಣ್ಣೊರೆಸಿಕೊಂಡಾಗಲೇ ಚಿನ್ನಪ್ಪನವರು ಅರ್ಥ ಹೇಳಿ ಮುಗಿಸಿದ್ದರು:

“ಬಾಗ್ಲೇನು ನಿನ್ ಅಣ್ಣನಾ? ನನ್ನ ಕೂಗಾಕೆ ಏನಾಗಿತ್ತು? ಮದ್ವೆ ಯಾವತ್ತು, ಅದ್ ಹೇಳು.”