ಸುಬೇದಾರ್ ಮಾವನ ಬೇಹುಗಾರಿಕೆ

ಅಂಗಡಿಯಿಂದ ತಂದ ರಾಗಿಹಿಟ್ಟಿನ ಚೀಲ ಬಿಚ್ಚಿದೆ ನೋಡಿ, ಘಮ್ಮೆಂದು ವಾಸನೆ ಬಂತು. ಅದೇ ಹೊತ್ತಿಗೆ ಮೊಮ್ಮಗಳು, "ಅಜ್ಜಿ, ಬೇಹುಗಾರರ ಕತೆ ಹೇಳು" ಅಂದಳು. ಇವೆರಡೂ ಸೇರಿದರೆ ನನಗೆ ನೆನಪಾಗುವುದು ಒಬ್ಬರೇ, ನನ್ನಮ್ಮನ ತಮ್ಮ ಸುಬೇದಾರ್ ಮಾವ.

ಮಾವ ಬರ್ಮಾ ಯುದ್ಧದಲ್ಲಿ ಗಾಯಗೊಂಡ ಗೆಳೆಯನನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿ ಪದಕ ಪಡೆದವರು. ಬಂಗಾರಪೇಟೆಯಲ್ಲಿ ರೈಲು ಇಳಿದ ದಿನ ಜನ ಹಾರ ಹಾಕಿದ್ದರಂತೆ. ಅವರು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕೂಲಿಗಳ ಸಾಲಿನಲ್ಲಿದ್ದ ನಮ್ಮ ಲೈನುಮನೆಗೆ ಬಂದು ನೆಲೆಸಿದ ಮೇಲೆ ನಾವು ಮಕ್ಕಳು ಅವರ ಮೀಸೆ ನೋಡಿಕೊಂಡೇ ಉಣ್ಣುತ್ತಿದ್ದೆವು. ಆ ಮೀಸೆಗೆ ಖರ್ಚಾಗುವ ಹರಳೆಣ್ಣೆಗೆ ಅಮ್ಮ ಗೊಣಗುತ್ತಿದ್ದಳು, ಅದು ಬೇರೆ ಮಾತು.

ಇಂಥ ವೀರನಿಗೆ ಗಣಿಯವರು ಕೊಟ್ಟ ಕೆಲಸ ಬೇಹುಗಾರಿಕೆ. ಕೆಳಗಿನಿಂದ ಚಿನ್ನದ ಕಲ್ಲು ಕದ್ದು ತಂದು ಮನೆಯಲ್ಲಿ ಬೀಸಿ ಪುಡಿ ಮಾಡುವವರನ್ನು ಹಿಡಿಯಬೇಕು. ಮಾವ ಲುಂಗಿ ಉಟ್ಟು, ತಲೆಗೆ ಟವೆಲ್ ಸುತ್ತಿ ಗುಟ್ಟಾಗಿ ಹೊರಡುವರು. ನಡಿಗೆ ಮಾತ್ರ ಕವಾಯತಿನದೇ! ಪಕ್ಕದ ಉರಿಗಾಂವರೆಗೂ ನಾವು ಹಿಂದಿನಿಂದ ಲೆಫ್ಟ್ ರೈಟ್ ಹಾಕುತ್ತಿದ್ದೆವು. ಕೇರಿಯ ಕೋಳಿಗಳಿಗೂ ಗೊತ್ತಿದ್ದ ಗುಟ್ಟು ಅದು.

ಆದರೂ ಅವರಿಗೊಂದು ಉಪಾಯ ಹೊಳೆದಿತ್ತು. ನಮ್ಮ ಹೆಂಗಸರು ಮುಂಜಾನೆ ಹಾಡು ಹೇಳದೆ ರಾಗಿ ಬೀಸಿದವರಲ್ಲ. "ಕಲ್ಲು ತಿರುಗ್ತಾ ಐತೆ, ಪದ ಕೇಳ್ತಿಲ್ಲ ಅಂದ್ರೆ ಒಳಗಿರೋದು ರಾಗಿ ಅಲ್ಲ ಕಣಮ್ಮಿ" ಎಂದು ನನಗೆ ಹೇಳಿ ಮೀಸೆ ತಿರುವಿದ್ದರು.

ಒಂದು ಬೆಳಗ್ಗೆ ಪಕ್ಕದ ಸಾಲಿನಲ್ಲಿ ಅಂಥದೇ, ಹಾಡಿಲ್ಲದ ಕಲ್ಲಿನ ಸದ್ದು. ಇಬ್ಬರು ಕಾವಲಿನವರನ್ನು ಕರೆದುಕೊಂಡು ಮಾವ ಮುನೆಮ್ಮನ ಬಾಗಿಲು ತಟ್ಟಿದರು. ಕಳವು ಸಿಕ್ಕಿದರೆ ಮನೆ ಖಾಲಿ ಮಾಡಿಸುತ್ತಿದ್ದ ಕಾಲ. ಮುನೆಮ್ಮನಿಗೆ ಇಬ್ಬರು ಚಿಕ್ಕ ಮಕ್ಕಳು. ಸಾಲಿನವರೆಲ್ಲ ಅವಳ ಬಾಗಿಲಲ್ಲಿ ಇಣುಕಿ ನಿಂತೆವು.

ಕಲ್ಲಿನ ಸುತ್ತ ಇದ್ದದ್ದು ರಾಗಿಹಿಟ್ಟು.

"ಪದ ಬರಾಕಿಲ್ಲ ಅಣ್ಣಾ," ಅಂದಳು ಮುನೆಮ್ಮ. "ನಮ್ಮನೇರು ಗಣೀಲಿ ತೀರ್ಕಂಡಾಗಿಂದ ಗಂಟ್ಲು ಕಟ್ಕಂಡೈತೆ."

ಬರ್ಮಾದಲ್ಲಿ ಹೆದರದ ಮಾವ ಅಲ್ಲಿ ಬೆವತುಹೋದರು. ಕಾವಲಿನವರನ್ನು ಕಳಿಸಿ, ಟವೆಲ್ ಬಿಚ್ಚಿಟ್ಟು, ಕಲ್ಲಿನ ಮುಂದೆ ಕುಕ್ಕರಿಸಿ ಗೂಟ ಹಿಡಿದರು. ಗಂಡಸು ರಾಗಿಕಲ್ಲು ಮುಟ್ಟಿದ್ದನ್ನು ನಾವು ಕಂಡದ್ದು ಅದೇ ಮೊದಲು. ಅದೂ ಎದುರುಸುತ್ತು ತಿರುಗಿಸುತ್ತಿದ್ದರು!

"ಅಂಗಲ್ಲ ಅಣ್ಣಾ, ಈ ಕಡೆಯಿಂದ" ಎನ್ನುತ್ತ ಮುನೆಮ್ಮ ಅಳುತ್ತಲೇ ನಕ್ಕಳು. ಮೊರದಲ್ಲಿದ್ದ ರಾಗಿ ಮುಗಿಯುವವರೆಗೂ ಮಾವ ಏಳಲಿಲ್ಲ. ಅಂದೇ ಆ ಕೆಲಸ ಬಿಟ್ಟರು. ಆಮೇಲೆ ಬಂಗಾರಪೇಟೆಯ ಮಂಡಿಯಲ್ಲಿ ಕಾವಲಿಗೆ ಸೇರಿಕೊಂಡರು.

ಮೊಮ್ಮಗಳಿಗೆ ಇಷ್ಟು ದಿನ ಹೊಳೆ ದಾಟಿದ ಕತೆಯನ್ನೇ ಹೇಳುತ್ತಿದ್ದೆ. ಇದನ್ನು ಹೇಳಿದ್ದು ಇವತ್ತೇ. ಯಾಕೋ ಮಾವ ನನಗೆ ಮೊದಲಿಗಿಂತ ದೊಡ್ಡವರಾಗಿ ಕಂಡರು. ಇನ್ನು ವೀರರ ಕತೆ ಕೇಳಿದರೆ ಇದನ್ನೇ ಹೇಳುತ್ತೇನೆ.

"ಮುನೆಮ್ಮ ಆಮೇಲೆ ಹಾಡಿದ್ರಾ ಅಜ್ಜಿ?"

ಹಾಡಿದಳು ಮಗಳೇ. ಎಷ್ಟೋ ತಿಂಗಳಾದ ಮೇಲೆ ಒಂದು ಮುಂಜಾನೆ. ಮಂಡಿಗೆ ಹೊರಟಿದ್ದ ಮಾವ ಅವಳ ಬಾಗಿಲ ಮುಂದೆ ನಿಂತೇಬಿಟ್ಟರು. ಅತ್ತ ರೈಲು ಕೂಗಿದರೂ ಕದಲಲಿಲ್ಲ. ಹಾಡು ನಿಲ್ಲಿಸಿ ಒಳಗಿನಿಂದಲೇ ಅವಳು ಕೂಗಿದಳು:

"ರಾಗೀನೇ ಕಣಣ್ಣಾ! ಒಳಕ್ ಬಾ, ಅಂಬ್ಲಿ ಕುಡ್ದು ಓಗು."